ಬಸುರಿ ಇರುವ ಮನೆಯಲ್ಲಿ ಕೋಳಿ ಹೇನು ಬಿದ್ದರೆ: ಗೂಡು ತೊಳೆಯುವುದರಿಂದ ಮೊಟ್ಟೆ ತಿನ್ನುವವರೆಗೆ

ನಾನು ಐದು ತಿಂಗಳ ಬಸುರಿ ಇದ್ದಾಗ ನಮ್ಮ ಮನೆ ಕೋಳಿಗಳಿಗೆ ಹೇನು ಬಿತ್ತು. ತೀರ್ಥಹಳ್ಳಿ ಕಡೆಯ ಮನೆ, ಆಷಾಢದ ಮಳೆ, ಹನ್ನೊಂದು ಕೋಳಿ. ಒಂದು ಹೇಂಟೆಯನ್ನು ಜಗುಲಿ ಮೂಲೆಯಲ್ಲಿ ಬುಟ್ಟಿ ಇಟ್ಟು ಕಾವಿಗೆ ಕೂರಿಸಿದ್ದೆವು. ಒಂದು ಸಂಜೆ ಅದಕ್ಕೆ ನೀರಿಡಲು ಬಗ್ಗಿದೆ. ಮೊಣಕೈವರೆಗೆ ಏನೋ ಹರಿದ ಹಾಗಾಯಿತು. ದೀಪದ ಬೆಳಕಿಗೆ ಕೈ ಹಿಡಿದು ನೋಡಿದರೆ ರಾಗಿ ಹಿಟ್ಟಿನ ಕಣದಷ್ಟು ಸಣ್ಣವು, ಬೂದು ಬಣ್ಣದವು, ಲೆಕ್ಕವಿಲ್ಲದಷ್ಟು, ಮೇಲಕ್ಕೆ ಹತ್ತುತ್ತಾ ಇದ್ದವು.

ಮರುದಿನ ನಮ್ಮನೆಯವರು ಪೇಟೆಗೆ ಹೋಗಿ ಒಂದು ಅಂಗಡಿಯಿಂದ ಔಷಧಿ ತಂದರು. ಸೋಡಾ ಬಾಟಲಿಯಲ್ಲಿ ಅರ್ಧ ತುಂಬಿಸಿ ಕೊಟ್ಟಿದ್ದರು. ಲೇಬಲ್ ಇಲ್ಲ, ಹೆಸರಿಲ್ಲ. ಹಿತ್ತಲ ಬಾಗಿಲ ಹತ್ತಿರವೇ ಬಕೆಟ್ಟಿಗೆ ಕಲಸಿದರು. ಒಳಗೆ ಅಡುಗೆ ಮಾಡುತ್ತಿದ್ದ ನನಗೆ ಆ ವಾಸನೆಗೆ ತಲೆ ಸುತ್ತಿ ವಾಂತಿ ಬಂತು. ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದೇ "ಔಷಧಿ ಹೆಸರೇನು?" ಅಂತ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆ ಗಳಿಗೆಯ ಹೆದರಿಕೆ ನನಗೆ ಈಗಲೂ ನೆನಪಿದೆ. ಮಗಳಿಗೆ ಈಗ ಎರಡು ವರ್ಷ, ಆರಾಮಾಗಿದ್ದಾಳೆ. ಆದರೆ ಇನ್ನೊಬ್ಬ ಹೆಣ್ಣುಮಗಳು ಆ ಬೆಂಚಿನ ಮೇಲೆ ಹಾಗೆ ಕೂರಬಾರದು ಅಂತಲೇ ಇದನ್ನು ಇಷ್ಟುದ್ದ ಬರೆಯುತ್ತಿದ್ದೇನೆ.

ಆಮೇಲೆ ಪಶು ವೈದ್ಯರಿಂದ, ಆಶಾ ಅಕ್ಕನಿಂದ, ನಮ್ಮ ಅತ್ತೆಯಿಂದ ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ. ಕೋಳಿ ಹೇನಿನ ಕೆಲಸದಲ್ಲಿ ಮುಕ್ಕಾಲು ಪಾಲು ಗೂಡಿನ ಕೆಲಸ. ಬಿಸಿನೀರು, ಸೋಪು, ಬಿಸಿಲು ಮತ್ತು ವಾರ ತಪ್ಪದೆ ಮತ್ತೆ ಮಾಡುವುದು, ಇಷ್ಟರಲ್ಲೇ ಹೆಚ್ಚಿನದು ಮುಗಿಯುತ್ತದೆ. ವಿಷದ ಬಾಟಲಿ ಕೊನೆಗೆ ಬರುವ ಮಾತು. ಅದು ಬಂದರೂ ಬಸುರಿಯ ಕೈಗೆ ಬರಬಾರದು.

ಮೊದಲು ಯಾರು ಏನು ಮಾಡಬೇಕು ಅನ್ನುವುದು

ಬಸುರಿ ಮಾಡಬಾರದ ಕೆಲಸಗಳನ್ನು ಮೊದಲೇ ಹೇಳಿಬಿಡುತ್ತೇನೆ. ಗೂಡು ಗುಡಿಸುವುದು, ಹಿಕ್ಕೆ ಕೆರೆಯುವುದು, ಔಷಧಿ ಕಲಸುವುದು, ಸಿಂಪಡಿಸುವುದು, ಸಿಂಪಡಿಸಿದವರ ಬಟ್ಟೆ ಒಗೆಯುವುದು, ಕುದಿವ ನೀರಿನ ಕೊಡ ಹೊರುವುದು. ಇದಿಷ್ಟೂ ಬೇರೆಯವರದ್ದು. ಗಂಡ, ಮೈದುನ, ಅತ್ತೆ, ಕೂಲಿಯವರು, ಯಾರಾದರೂ ಸರಿ. ಬಟ್ಟೆ ಒಗೆಯುವುದನ್ನು ಜಾಸ್ತಿ ಜನ ಮರೆಯುತ್ತಾರೆ. ಔಷಧಿ ಹೊಡೆದು ಬಂದವರು ಅಂಗಿ ಬಿಚ್ಚಿ ಬಚ್ಚಲಲ್ಲಿ ಹಾಕುತ್ತಾರೆ, ಮನೆ ಹೆಂಗಸು ಅದನ್ನು ಬರಿಗೈಯಲ್ಲಿ ಕುಕ್ಕುತ್ತಾಳೆ. ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹೊಡೆದವರೇ ತಮ್ಮ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ.

ವಿಷ ಮಾತ್ರ ಅಲ್ಲ, ಹಿಕ್ಕೆಯ ಧೂಳಿಗೂ ಹೆದರಬೇಕು. ಕೋಳಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಇರಬಹುದು. ಬಸುರಿಗೆ ಜೋರು ಭೇದಿ, ಜ್ವರ ಬಂದರೆ ಅದು ಇಬ್ಬರಿಗೆ ಬಂದ ಹಾಗೆ. ಗೂಡಿನ ಸುತ್ತಲ ಮಣ್ಣಿನಲ್ಲಿ, ಬೂದಿ ಗುಂಡಿಯಲ್ಲಿ ಬೆಕ್ಕು ಕಕ್ಕ ಮಾಡಿರುತ್ತದೆ ಅಲ್ವಾ, ಅದರಿಂದ ಟಾಕ್ಸೊಪ್ಲಾಸ್ಮಾ ಅನ್ನುವ ಸೋಂಕು ತಗಲಬಹುದು. ಅದು ಹೊಟ್ಟೆಯ ಮಗುವಿಗೆ ತೊಂದರೆ ಕೊಡುವಂಥದ್ದು. ಬರಿಗೈಯಲ್ಲಿ ಆ ಮಣ್ಣು ಮುಟ್ಟಬೇಡಿ.

ಹಾಗಂತ ಸುಮ್ನೆ ಒಳಗೆ ಕೂರಬೇಕಿಲ್ಲ. ಕ್ಯಾಲೆಂಡರ್ ನಿಮ್ಮ ಕೈಯಲ್ಲಿರಲಿ. ಯಾವ ದಿನ ತೊಳೆದದ್ದು, ಮುಂದಿನದು ಯಾವತ್ತು, ಯಾವ ಕೋಳಿಗೆ ಏನು ಹಾಕಿದ್ದು, ಇದನ್ನು ಬರೆದಿಡುವವರು ಇಲ್ಲದೆ ಎಷ್ಟೋ ಮನೆಯಲ್ಲಿ ಹೇನು ಮತ್ತೆ ಮತ್ತೆ ಬರುತ್ತದೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇದನ್ನೇ ಮಾಡಿದ್ದು.

ಯಾವ ಹೇನು ಅಂತ ನೋಡಿ

ನಾವು ಎಲ್ಲದಕ್ಕೂ ಕೋಳಿ ಹೇನು ಅಂತಲೇ ಹೇಳುತ್ತೇವೆ. ನಿಜವಾಗಿ ಅದರಲ್ಲಿ ಮೂರು ನಾಲ್ಕು ಬಗೆ ಇದೆ, ಒಂದೊಂದಕ್ಕೂ ಕೆಲಸ ಬೇರೆ.

ಮೊದಲನೆಯದು ಕೆಂಪು ನುಸಿ. ಇದು ಹಗಲು ಕೋಳಿಯ ಮೈಮೇಲೆ ಸಿಗುವುದೇ ಇಲ್ಲ. ಗೂಡಿನ ಬಿರುಕಿನಲ್ಲಿ, ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿ) ಸೀಳಿನಲ್ಲಿ, ಕೋಳಿ ಕೂರುವ ಕೋಲಿನ ತುದಿ ಗೋಡೆಗೆ ಸೇರುವ ಕಡೆ ಅವಿತಿರುತ್ತದೆ. ಕತ್ತಲಾದ ಮೇಲೆ ಬಂದು ರಕ್ತ ಹೀರಿ ಬೆಳಗಾಗುವ ಮೊದಲು ವಾಪಸ್. ರಕ್ತ ಕುಡಿಯದಾಗ ಬೂದು, ಕುಡಿದ ಮೇಲೆ ಕೆಂಪು. ದೊಡ್ಡದಾದರೂ ಹೆಚ್ಚೆಂದರೆ ಒಂದು ಮಿಲಿಮೀಟರ್.

ನೋಡುವ ಬಗೆ ಹೇಳುತ್ತೇನೆ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಒಬ್ಬರು ಗೂಡಿಗೆ ಹೋಗಬೇಕು. ಬಿಳಿ ಹತ್ತಿ ಬಟ್ಟೆಯನ್ನು ಕೋಲಿನ ಅಡಿಭಾಗಕ್ಕೆ ಒತ್ತಿ ಒಂದು ಸಲ ಎಳೆಯಬೇಕು. ಮೇಲ್ಭಾಗ ಅಲ್ಲ, ಅಡಿಭಾಗ. ನಮ್ಮನೆಯವರು ಹಾಗೆ ಎಳೆದ ಅಂಗವಸ್ತ್ರದ ತುಂಡನ್ನು ಅಂಗಳದ ದೀಪಕ್ಕೆ ಹಿಡಿದಾಗ ಕುಂಕುಮದ ನೀರಿನಲ್ಲಿ ಬೆರಳದ್ದಿ ಗೆರೆ ಎಳೆದ ಹಾಗಿತ್ತು. ಅದು ನುಸಿ ಕುಡಿದಿದ್ದ ಕೋಳಿ ರಕ್ತ. ಕೋಲಿನ ತುದಿಯಲ್ಲಿ ಉಪ್ಪು ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಾಣುವುದೂ ಇದರ ಗುರುತೇ.

ಎರಡನೆಯದು ಮೈಮೇಲೇ ವಾಸ ಮಾಡುವ ನುಸಿ. ಇದನ್ನು ಹಗಲೇ ನೋಡಬಹುದು. ಕೋಳಿಯ ಹಿಂಭಾಗದ ಪುಕ್ಕ ಬಿಡಿಸಿದರೆ ಚರ್ಮದ ಹತ್ತಿರ ಕಪ್ಪು ಕೊಳೆ ಹಿಡಿದ ಹಾಗಿರುತ್ತದೆ, ಅದರೊಳಗೆ ಹರಿದಾಡುತ್ತಿರುತ್ತವೆ. ಕಾವಿಗೆ ಕೂತ ಹೇಂಟೆಯ ಬುಟ್ಟಿಯಲ್ಲಿ ಇದು ಸಾವಿರಗಟ್ಟಲೆ ಆಗುತ್ತದೆ. ಮರಿ ಎದ್ದ ಮೇಲೆ ಕೋಳಿ ಸಿಗದೆ ಗೋಡೆ ಹತ್ತಿ ಮನೆಯೊಳಗೂ ಬರುತ್ತದೆ.

ಮೂರನೆಯದು ನಿಜವಾದ ಹೇನು. ಒಣ ಹುಲ್ಲಿನ ಬಣ್ಣ, ಚಪ್ಪಟೆ, ಪುಕ್ಕ ಬಿಡಿಸಿದ ತಕ್ಷಣ ಓಡುತ್ತದೆ. ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಟ್ಟಿದ ಹಾಗೆ ಮೊಟ್ಟೆ ಇರುತ್ತದೆ. ಇದು ಮನುಷ್ಯರಿಗೆ ಕಚ್ಚುವುದಿಲ್ಲ. ನಾಲ್ಕನೆಯದು ಕಾಲಿನ ಹುರುಪೆ ನುಸಿ. ಕಾಲಿನ ಹುರುಪೆ ಎದ್ದು, ಸುಣ್ಣ ಮೆತ್ತಿದ ಹಾಗೆ ದಪ್ಪ ಆಗುತ್ತದೆ.

ಗುರುತು ಸಿಗುವ ಮೊದಲೇ ಕೋಳಿಯೇ ಹೇಳುತ್ತದೆ ನೋಡಿ. ಜುಟ್ಟು ಬಿಳಿಚಿಕೊಳ್ಳುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಸಂಜೆ ಗೂಡಿನ ಬಾಗಿಲವರೆಗೆ ಬಂದು ಒಳಗೆ ಹೋಗದೆ ಹಲಸಿನ ಮರ ಹತ್ತುತ್ತದೆ. ನಮ್ಮ ಕೋಳಿಗಳು ಹದಿನೈದು ದಿನ ಮರ ಹತ್ತಿದ್ದವು. ನಾವು ಹಾವು ಬಂದಿರಬೇಕು ಅಂದುಕೊಂಡಿದ್ದೆವು.

ಒಂದನೇ ದಿನ: ಗೂಡು

ಮಳೆ ಬಿಟ್ಟ ಒಂದು ಬೆಳಗ್ಗೆ ಆರಿಸಿಕೊಳ್ಳಿ. ನಮ್ಮ ಕಡೆ ಜುಲೈನಲ್ಲಿ ಅಂಥ ದಿನ ಸಿಗುವುದು ಕಷ್ಟ, ಗೊತ್ತು. ನಾಲ್ಕು ಗಂಟೆ ಬಿಸಿಲು ಬಿದ್ದರೂ ಸಾಕು. ಬಿಸಿಲೇ ಇಲ್ಲದಿದ್ದರೆ ಕಳಚಿದ ಹಲಗೆ, ಕೋಲುಗಳನ್ನು ಬಚ್ಚಲ ಒಲೆಯ ಹತ್ತಿರ ನಿಲ್ಲಿಸಿ ಒಣಗಿಸಿ.

ಕೋಳಿಗಳನ್ನು ಹೊರಗೆ ಬಿಟ್ಟ ಮೇಲೆ, ಗೂಡಿನ ನೆಲಕ್ಕೆ ಮತ್ತು ಹಾಸಿಗೆಗೆ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು. ಒಣ ಹಿಕ್ಕೆ ಗುಡಿಸಬಾರದು, ಏಳುವ ಧೂಳು ಮಾಡುವವರ ಎದೆಗೂ ಒಳ್ಳೆಯದಲ್ಲ. ಅವರು ರಬ್ಬರ್ ಗ್ಲೌಸು, ಎನ್95 ಮಾಸ್ಕು, ಗಂಬೂಟು ಹಾಕಿಕೊಳ್ಳಲಿ. ಹಳೆಯ ಹೊಟ್ಟು, ಹುಲ್ಲು, ಎಲೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ದೂರ ಒಯ್ದು ಸುಡಬೇಕು (ಚೀಲ ಬಿಟ್ಟು), ಇಲ್ಲ ಆಳಕ್ಕೆ ಹೂಳಬೇಕು. ಕೊಟ್ಟಿಗೆ ಪಕ್ಕದ ಗೊಬ್ಬರ ಗುಂಡಿಗೆ ಹಾಕಿದರೆ ನುಸಿ ಸಂಜೆಗೆ ನಡೆದು ವಾಪಸ್ ಬರುತ್ತದೆ.

ಈಗ ಕಳಚುವುದು. ಕೂರುವ ಕೋಲು, ಮೊಟ್ಟೆ ಬುಟ್ಟಿ, ಬಾಗಿಲು, ಕಳಚಲು ಬರುವ ಪ್ರತಿ ದಬ್ಬೆ. ಅಡಿಕೆ ದಬ್ಬೆಯ ಗೂಡು ನೋಡಲು ಚೆಂದ, ಆದರೆ ಅದರ ಒಳಮೈಯ ನಾರಿನ ಸೀಳುಗಳು ನುಸಿಗೆ ಮಾಡಿಟ್ಟ ಮನೆ. ತೀರಾ ಹಳೆಯ ದಬ್ಬೆ ಆದರೆ ತೊಳೆಯಲು ಹೋಗಬೇಡಿ, ಹಂಡೆ ಒಲೆಗೆ ಹಾಕಿ. ನಾವು ಕೊನೆಗೆ ಹಾಗೇ ಮಾಡಿ, ನಯವಾಗಿ ಕೆತ್ತಿದ ಎರಡು ಕೋಲು ಹಾಕಿದೆವು. ಕೋಲಿನ ತುದಿ ಗೋಡೆಗೆ ತಾಗದ ಹಾಗೆ ಕವೆಗೋಲಿನ ಮೇಲೆ ಇಟ್ಟೆವು. ಈ ಒಂದು ಬದಲಾವಣೆಯಿಂದ ಆದಷ್ಟು ಉಪಯೋಗ ಯಾವ ಔಷಧಿಯಿಂದಲೂ ಆಗಲಿಲ್ಲ ಅಂತ ನನ್ನ ಅನಿಸಿಕೆ.

ಆಮೇಲೆ ಕುದಿವ ನೀರು. ಹಂಡೆಯ ಬಿಸಿನೀರಲ್ಲ, ಕುದಿಯುವುದೇ ಆಗಬೇಕು. ಪ್ರತಿ ಬಿರುಕಿಗೂ ಸಣ್ಣ ಚೊಂಬಿನಲ್ಲಿ ನಿಧಾನಕ್ಕೆ ಹುಯ್ಯಬೇಕು. ಸುಮ್ಮನೆ ಎರಚಿದರೆ ಗೋಡೆ ಮುಟ್ಟುವ ಹೊತ್ತಿಗೆ ತಣ್ಣಗಾಗಿರುತ್ತದೆ. ಅದರ ಹಿಂದೆಯೇ ಸೋಪಿನ ನೀರು ಹಾಕಿ ಗಟ್ಟಿ ಬ್ರಶ್ಶಿನಲ್ಲಿ ಉಜ್ಜುವುದು. ಪಾತ್ರೆ ತೊಳೆಯುವ ಲಿಕ್ವಿಡ್ಡೇ ಸಾಕು. ಸೋಪಿನ ನೀರು ನುಸಿಯನ್ನು ಉಸಿರುಕಟ್ಟಿಸಿ ಕೊಲ್ಲುತ್ತದೆ, ಮೈಗೆ ತಾಗಿದರೆ ಮಾತ್ರ. ಆದ್ದರಿಂದ ಒಳಗೆ ಇಳಿಯುವ ಹಾಗೆ ಉಜ್ಜಬೇಕು.

ಪೂರ್ತಿ ಒಣಗಿದ ಮೇಲೆ ಸುಣ್ಣ. ಗೋಡೆಯ ಬಿರುಕು ಮುಚ್ಚುವ ಹಾಗೆ ದಪ್ಪಕ್ಕೆ ಹೊಡೆಯಿರಿ. ಸುಣ್ಣದ ಕಲ್ಲು ನೀರಿಗೆ ಹಾಕುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅಡಿಕೆ ತೋಟದವರಿಗೆ ಬೋರ್ಡೋ (ಅಡಿಕೆಗೆ ಹೊಡೆಯುವ ಸುಣ್ಣ-ಮೈಲುತುತ್ತದ ದ್ರಾವಣ) ಮಾಡಿ ಅಭ್ಯಾಸ ಇರುತ್ತದೆ, ಆದರೂ ಬಸುರಿ ಮತ್ತು ಮಕ್ಕಳು ದೂರ ಇರಲಿ. ಸುಣ್ಣ ಒಣಗುವವರೆಗೆ ಕೋಳಿ ಒಳಗೆ ಬಿಡಬೇಡಿ.

ಹೊಸ ಹಾಸಿಗೆಗೆ ಭತ್ತದ ಹೊಟ್ಟು ಬಳಸಿ, ಕಾಡಿನ ದರಗು (ಉದುರಿದ ಒಣ ಎಲೆ) ತರಬೇಡಿ. ಇದು ನಮ್ಮ ಜಿಲ್ಲೆಗೇ ಸೇರಿದ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ತರುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮರಿ ಉಣುಗು ಜಾಸ್ತಿ ಇರುವುದೂ, ನಾವು ದರಗು ಗುಡಿಸಿ ತರುವುದೂ ಒಂದೇ ಕಾಲ, ಚಳಿ ಶುರುವಾದಲ್ಲಿಂದ ಮಳೆ ಬರುವವರೆಗೆ. ಕೋಳಿಯ ನುಸಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ, ಗಾಬರಿ ಬೇಡ. ಆದರೆ ನುಸಿ ಓಡಿಸಲು ಹೋಗಿ ಉಣುಗನ್ನು ಹಿತ್ತಲಿಗೆ ತಂದುಕೊಳ್ಳಬಾರದು. ಸಾಗರದ ಅರಳಗೋಡು ಕಡೆಯ ಜನ 2018-19ರಲ್ಲಿ ಆ ಕಾಯಿಲೆಯಿಂದ ಪಟ್ಟ ಪಾಡು ನಮಗೆಲ್ಲ ಗೊತ್ತೇ ಇದೆ.

ಕೋಳಿಯ ಮೈ

ಕೆಂಪು ನುಸಿ ಆದರೆ ಮೈಗಿಂತ ಗೂಡು ಮುಖ್ಯ. ಮೈಮೇಲಿನ ನುಸಿ ಮತ್ತು ಹೇನಾದರೆ ಕೋಳಿಗೂ ಮಾಡಬೇಕು.

ಎಲ್ಲಕ್ಕಿಂತ ಮೊದಲು ಧೂಳು ಸ್ನಾನ. ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಅಂಗೈಯಷ್ಟು ಒಣ ಮಣ್ಣು ಸಿಗುವುದಿಲ್ಲ, ಕೋಳಿ ಹೊರಳಾಡುವುದೆಲ್ಲಿ? ಮಲೆನಾಡಿನಲ್ಲಿ ಮಳೆಗಾಲಕ್ಕೇ ಹೇನು ಜೋರಾಗುವುದಕ್ಕೆ ಇದೂ ಒಂದು ಕಾರಣ. ಸೂರಿನ ಕೆಳಗೆ ಹಳೇ ಟೈರ್ ಇಟ್ಟು, ಎರಡು ಪಾಲು ಒಣ ಮಣ್ಣು, ಒಂದು ಪಾಲು ಜರಡಿ ಹಿಡಿದ ಬೂದಿ ಹಾಕಿ. ಕಟ್ಟಿಗೆ ಬೂದಿ ಮಾತ್ರ, ಪ್ಲಾಸ್ಟಿಕ್ ಸುಟ್ಟ ಒಲೆಯದ್ದು ಬೇಡ. ಬೂದಿ ಒದ್ದೆಯಾದರೆ ಕ್ಷಾರವಾಗಿ ಚರ್ಮ ಸುಡುತ್ತದೆ, ಹಾಗಾಗಿ ಒಣಗಿರಲೇಬೇಕು. ರಾತ್ರಿ ಅಗಲದ ಹಲಗೆ ಮುಚ್ಚಿ. ಇಲ್ಲದಿದ್ದರೆ ಬೆಕ್ಕು ಅದನ್ನೇ ಪಾಯಿಖಾನೆ ಮಾಡಿಕೊಳ್ಳುತ್ತದೆ. ಬೂದಿ ಜರಡಿ ಹಿಡಿಯುವುದೂ ಬಸುರಿಯ ಕೆಲಸವಲ್ಲ. ಪೇಟೆಯಲ್ಲಿ ಸಿಗುವ ಡಯಾಟಮ್ ಮಣ್ಣಿನ ಪುಡಿಗೂ ಇದೇ ಮಾತು, ಉಸಿರಿಗೆ ಹೋದರೆ ಎದೆಗೆ ಕೆಟ್ಟದ್ದು.

ಧೂಳು ಸ್ನಾನದಿಂದ ಕಡಿಮೆ ಆಗದಿದ್ದರೆ ಔಷಧಿ. ಇಲ್ಲಿ ಪಶು ಆಸ್ಪತ್ರೆಗೆ ಹೋಗಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಕೇಳುವಾಗ ಎರಡು ಮಾತು ಮರೆಯದೆ ಹೇಳಿ: "ಮನೆಯಲ್ಲಿ ಬಸುರಿ ಇದ್ದಾಳೆ" ಮತ್ತು "ಈ ಕೋಳಿಗಳ ಮೊಟ್ಟೆ ತಿನ್ನುತ್ತೇವೆ". ಇವೆರಡು ಗೊತ್ತಾದರೆ ಅವರು ಬರೆಯುವ ಔಷಧಿಯೇ ಬೇರೆ ಆಗಬಹುದು.

ಸಾಮಾನ್ಯವಾಗಿ ಅವರು ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಜಾತಿಯದ್ದನ್ನು ಹೇಳುತ್ತಾರೆ. ಇವು ಹಳೆಯ ವಿಷಗಳಿಗಿಂತ ಮನುಷ್ಯರಿಗೆ ಕಡಿಮೆ ಅಪಾಯದವು. ಬಸುರಿಯರಿಗೆ ಕಜ್ಜಿ ಆದಾಗ ಡಾಕ್ಟರು 5 ಪರ್ಸೆಂಟ್ ಪರ್ಮೆಥ್ರಿನ್ ಮುಲಾಮು ಬರೆಯುವುದೂ ಉಂಟು. ಹಾಗಂತ ದನಕ್ಕೆ ಬಳಸುವ ಬಾಟಲಿಯನ್ನು ಬಸುರಿ ಮುಟ್ಟಬಹುದು ಅಂತಲ್ಲ. ಅದು ಗಟ್ಟಿ ದ್ರಾವಣ, ಅದರಲ್ಲಿ ಬೆರೆಸಿದ ಎಣ್ಣೆಗಳ ಹಬೆಯೇ ತಲೆ ತಿರುಗಿಸುತ್ತದೆ. ಅಳತೆ ಲೇಬಲ್ ಮೇಲಿದ್ದಷ್ಟೇ, "ಇನ್ನೊಂದು ಮುಚ್ಚಳ ಇರಲಿ" ಬೇಡ. ಈ ಜಾತಿಯ ಔಷಧಿಗಳು ಮೀನಿಗೆ, ಜೇನಿಗೆ ಘೋರ ವಿಷ, ಪರ್ಮೆಥ್ರಿನ್ ಬೆಕ್ಕಿಗೂ ಆಗುವುದಿಲ್ಲ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಕಳೆನಾಶಕ ಹೊಡೆಯುವ ಪಂಪಿನಲ್ಲೇ ಕೋಳಿಗೂ ಹೊಡೆಯುವುದು ಇನ್ನೂ ಕೆಟ್ಟದ್ದು.

ಸಿಂಪಡಿಸುವ ದಿನ ಬಸುರಿ ಮನೆಯಲ್ಲೇ ಇರದಿದ್ದರೆ ಒಳ್ಳೆಯದು. ತವರಿಗೋ ಪಕ್ಕದ ಮನೆಗೋ ಹೋಗಿ ರಾತ್ರಿ ಬನ್ನಿ. ಮೊದಲ ಮೂರು ತಿಂಗಳಲ್ಲಿ ಮಗುವಿನ ಅಂಗಾಂಗ ರೂಪುಗೊಳ್ಳುವ ಕಾಲ, ಆಗಂತೂ ಖಂಡಿತ. ಸಾಧ್ಯವಿಲ್ಲ ಅಂದರೆ ಗಾಳಿ ಬೀಸುವ ದಿಕ್ಕು ನೋಡಿ, ಆ ಕಡೆಯ ಕಿಟಕಿ ಮುಚ್ಚಿ, ಗೂಡಿನಿಂದ ದೂರದ ಕೋಣೆಯಲ್ಲಿರಿ. ಒಣಗಿ ವಾಸನೆ ಹೋಗುವವರೆಗೆ ಗೂಡಿನ ಹತ್ತಿರ ಸುಳಿಯಬೇಡಿ. ನೆನಪಿಡಿ, ಮಾಸ್ಕು ಧೂಳು ತಡೆಯುತ್ತದೆ, ಔಷಧಿಯ ಹಬೆ ತಡೆಯುವುದಿಲ್ಲ.

ಐವರ್‌ಮೆಕ್ಟಿನ್ ಅನ್ನುವ ಹುಳ-ಹೇನಿನ ಔಷಧಿ ವಿಷಯ ಒಂದು ಮಾತು. ದನಕ್ಕೆ ತಂದಿಟ್ಟ ಇಂಜೆಕ್ಷನ್ನಿಂದ ಎರಡು ಹನಿ ಕೋಳಿಗೆ ಬಿಡುವವರಿದ್ದಾರೆ. ಅದು ಕೋಳಿಯ ತೂಕ ನೋಡಿ ವೈದ್ಯರೇ ಲೆಕ್ಕ ಹಾಕಬೇಕಾದದ್ದು, ಜಾಸ್ತಿ ಆದರೆ ಕೋಳಿ ಸಾಯುತ್ತದೆ. ಮೊಟ್ಟೆಯಲ್ಲೂ ಉಳಿಯುತ್ತದೆ. ಬಸುರಿಯರಿಗೆ ಐವರ್‌ಮೆಕ್ಟಿನ್ ಕೊಡುವುದನ್ನು ಡಾಕ್ಟರುಗಳು ತಪ್ಪಿಸುತ್ತಾರೆ. ಮೊಟ್ಟೆಯ ಮೂಲಕ ಅದು ನಿಮ್ಮ ತಟ್ಟೆಗೆ ಯಾಕೆ ಬರಬೇಕು?

ಇವು ಬೇಡವೇ ಬೇಡ

ಅಟ್ಟದ ಮೇಲೆ ಹಳೇ ಬಾಟಲಿಗಳಿದ್ದರೆ ಒಮ್ಮೆ ಯಾರಿಂದಲಾದರೂ ನೋಡಿಸಿ. ಕಾರ್ಬರಿಲ್ ಪುಡಿಯನ್ನು ಹಿಂದೆ ಕೋಳಿಗೆ ಹಚ್ಚುತ್ತಿದ್ದರು, 2018ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಕೋಳಿ ಶೆಡ್ಡಿಗೆ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್, ಬಾಳೆ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಕಾಳು, ಇವೆರಡಕ್ಕೂ 2020ರ ಡಿಸೆಂಬರ್ 31ಕ್ಕೆ ನಿಷೇಧ ಬಂತು. ಹಳೆಯ ದಾಸ್ತಾನು ಮನೆಯಲ್ಲಿ ಇನ್ನೂ ಇರಬಹುದು. ಫೋರೇಟ್ ಅಂತೂ ಚಿಟಿಕೆಯಷ್ಟೇ ಜೀವ ತೆಗೆಯುವಂಥದ್ದು.

ಗದ್ದೆಗೆ ಬಳಸುವ ಫಿಪ್ರೊನಿಲ್ ಕೂಡ ಬೇಡ. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಕೆಂಪು ನುಸಿಗೆಂದು ಶೆಡ್ಡಿಗೆ ಹೊಡೆದ ದ್ರಾವಣದಲ್ಲಿ ಇದು ಬೆರೆತು ಮೊಟ್ಟೆಗೆ ಸೇರಿತ್ತು. ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸ್ ತರಿಸಿ ನಾಶ ಮಾಡಬೇಕಾಯಿತು. ಗೋಡೆಗೆ ಹೊಡೆದದ್ದು ಮೊಟ್ಟೆಗೆ ಬರುವುದಿಲ್ಲ ಅನ್ನುವವರಿಗೆ ಇದನ್ನು ಹೇಳಿ.

ಕೀಟನಾಶಕದ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಬಸುರಿಗೆ ಸರಿ ಅಂತ ಅರ್ಥ ಅಲ್ಲ, ವಿಷದಲ್ಲಿ ಕಡಿಮೆ ಅಂತ ಅಷ್ಟೇ.

ಮನೆಮದ್ದು ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಹೊಗೆಸೊಪ್ಪು ಕುದಿಸಿದ ನೀರಿನಲ್ಲಿ ನಿಕೋಟಿನ್ ಇದೆ, ಅದು ಕೈಯ ಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹಾಳು. ಸೀಮೆಎಣ್ಣೆ ಕೋಳಿಯ ಚರ್ಮ ಸುಡುತ್ತದೆ. ಬುಟ್ಟಿಗೆ ನುಸಿಗುಳಿಗೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದರ ನ್ಯಾಫ್ತಲೀನ್ ಕೆಲವು ಎಳೆ ಮಕ್ಕಳ ರಕ್ತಕಣಗಳನ್ನೇ ಒಡೆಯುತ್ತದೆ, ಮಗು ಬರುವ ಮನೆಯಲ್ಲಿ ಅದು ಇರಬಾರದು. ನಮ್ಮ ಅತ್ತೆ ಕಾವಿನ ಬುಟ್ಟಿಗೆ ಲಕ್ಕಿ ಸೊಪ್ಪು ಹಾಸುತ್ತಾರೆ. ಅದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಬರೀ ಅದನ್ನೇ ನಂಬಿ ಕೂತರೆ ಸಾಲದು.

ವಾರ ಬಿಟ್ಟು ಮತ್ತೆ, ಇನ್ನೊಂದು ವಾರಕ್ಕೆ ಮತ್ತೆ

ಹೆಚ್ಚಿನವರು ಸೋಲುವುದು ಇಲ್ಲೇ. ಮೊದಲ ಸಲ ತೊಳೆದಾಗ ಓಡಾಡುವ ನುಸಿ ಸಾಯುತ್ತದೆ, ಬಿರುಕಿನಲ್ಲಿ ಉಳಿದ ಮೊಟ್ಟೆ ಸಾಯುವುದಿಲ್ಲ. ಎರಡು ಮೂರು ದಿನಕ್ಕೆ ಅದು ಒಡೆಯುತ್ತದೆ. ಬೆಚ್ಚಗಿದ್ದರೆ ಮೊಟ್ಟೆಯಿಂದ ಮೊಟ್ಟೆಯಿಡುವ ನುಸಿಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ಅವು ದೊಡ್ಡದಾಗಿ ಮತ್ತೆ ಮೊಟ್ಟೆ ಇಡುವ ಮೊದಲೇ ಎರಡನೇ ಸಲ ತೊಳೆಯಬೇಕು. ಒಂದನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ. ಮೂರೂ ಸಲ ಕುದಿವ ನೀರು ಮತ್ತು ಸೋಪು. ಔಷಧಿ ಎಷ್ಟು ಸಲ ಅನ್ನುವುದು ವೈದ್ಯರು ಹೇಳಿದಷ್ಟೇ. ಗೂಡು ಖಾಲಿ ಬಿಟ್ಟರೆ ಉಪವಾಸದಿಂದ ಸಾಯುತ್ತವೆ ಅಂದುಕೊಳ್ಳಬೇಡಿ, ಕೆಂಪು ನುಸಿ ರಕ್ತ ಇಲ್ಲದೆ ಏಳೆಂಟು ತಿಂಗಳು ತಡೆಯಬಲ್ಲದು.

ಕಾವಿಗೆ ಕೂತ ಹೇಂಟೆ ಇದ್ದರೆ ಅವಳನ್ನು ರಾತ್ರಿ ಎತ್ತಿ ಬೇರೆ ಬುಟ್ಟಿಗೆ, ಹೊಸ ಹುಲ್ಲಿಗೆ, ಮೊಟ್ಟೆ ಸಮೇತ ಬದಲಿಸಬಹುದು. ಕತ್ತಲಲ್ಲಿ ಮಾಡಿದರೆ ಕಾವು ಬಿಟ್ಟು ಏಳುವುದು ಕಡಿಮೆ. ಹಳೆಯ ಬುಟ್ಟಿಯನ್ನು ಹುಲ್ಲಿನ ಜೊತೆಗೇ ಸುಡಿ. ಮತ್ತೆ ಜಗುಲಿಯಲ್ಲಿ ಕಾವು ಕೂರಿಸಬೇಡಿ, ಮಲಗುವ ಕೋಣೆಯ ಗೋಡೆಗೆ ತಾಗಿ ಅಂತೂ ಬೇಡ.

ಕಾಲಿನ ಹುರುಪೆಗೆ ವಿಷ ಬೇಕಿಲ್ಲ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಕಾಲು ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ದಪ್ಪಕ್ಕೆ ಹಚ್ಚಿ. ಹುರುಪೆ ಕೀಳಬಾರದು, ರಕ್ತ ಬರುತ್ತದೆ. ಮೂರು ದಿನಕ್ಕೊಮ್ಮೆ, ಒಂದು ತಿಂಗಳಾದರೂ. ಅತ್ತೆ ಕೋಳಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಿದ್ದರು, ನಾನು ಗ್ಲೌಸು ಹಾಕಿ ಎಣ್ಣೆ ಹಚ್ಚುತ್ತಿದ್ದೆ. ಇಡೀ ಕೆಲಸದಲ್ಲಿ ನಾನು ಕೋಳಿ ಮುಟ್ಟಿದ್ದು ಇದಕ್ಕೆ ಮಾತ್ರ.

ನಿಮಗೆ ಕಚ್ಚಿದ್ದರೆ

ಕೋಳಿ ನುಸಿ ಮನುಷ್ಯರ ಮೈಮೇಲೆ ಮನೆ ಮಾಡುವುದಿಲ್ಲ. ಕಚ್ಚುತ್ತದೆ, ಕೆಂಪು ಗುಳ್ಳೆ ಏಳುತ್ತದೆ, ತುರಿಸುತ್ತದೆ, ಅಷ್ಟೇ. ಸೋಪು ಹಾಕಿ ಸ್ನಾನ ಮಾಡಿ, ಹಾಕಿದ ಬಟ್ಟೆ ಮತ್ತು ಹೊದಿಕೆಯನ್ನು ಬಿಸಿನೀರಿಗೆ ಹಾಕಿ ಒಗೆಸಿ ಬಿಸಿಲಿಗೆ ಹರವಿ. ತುರಿಕೆಗೆ ತಣ್ಣೀರಿನ ಬಟ್ಟೆ ಇಡಿ. ಮಾತ್ರೆ, ಮುಲಾಮು ಯಾವುದಾದರೂ ಡಾಕ್ಟರನ್ನು ಕೇಳಿಯೇ.

ಇಲ್ಲಿ ಒಂದು ಮಾತು ದಯವಿಟ್ಟು ಗಮನವಿಟ್ಟು ಓದಿ. ಗುಳ್ಳೆ ಏನೂ ಇಲ್ಲದೆ ಅಂಗೈ, ಅಂಗಾಲು ವಿಪರೀತ ತುರಿಸುತ್ತಿದ್ದರೆ, ಅದರಲ್ಲೂ ಏಳು ತಿಂಗಳಾದ ಮೇಲೆ, ರಾತ್ರಿ ಹೊತ್ತು ಜೋರಾದರೆ, ಅದನ್ನು ಕೋಳಿ ಹೇನು ಅಂತ ಬಿಡಬೇಡಿ. ಬಸುರಿಯರಲ್ಲಿ ಪಿತ್ತರಸ ಸರಿಯಾಗಿ ಹರಿಯದೆ ಬರುವ ತೊಂದರೆಯೊಂದಿದೆ, ಅದರ ಗುರುತು ಹೀಗೇ ಇರುತ್ತದೆ, ಹೊಟ್ಟೆಯ ಮಗುವಿಗೆ ಅಪಾಯ ತರಬಲ್ಲದು. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ತಾಯಿ ಕಾರ್ಡ್ ಹಿಡಿದು ಮರುದಿನವೇ ಆಸ್ಪತ್ರೆಗೆ ಹೋಗಿ.

ಜ್ವರ, ನಿಲ್ಲದ ಭೇದಿ ಇದ್ದರೂ ಕಾಯಬೇಡಿ. ಔಷಧಿ ಮೈಗೆ ಸಿಡಿದರೆ ಬಟ್ಟೆ ತೆಗೆದು, ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕಣ್ಣಿಗಾದರೆ ಬರೀ ನೀರು, ಅಷ್ಟೇ ಹೊತ್ತು. ಜೊಲ್ಲು ಸುರಿಯುವುದು, ಕಣ್ಣು ಮಂಜಾಗುವುದು, ಸ್ನಾಯು ಅದುರುವುದು, ಉಸಿರು ಕಟ್ಟುವುದು ಕಂಡರೆ 108. ಹೋಗುವಾಗ ಬಾಟಲಿ ಜೊತೆಗಿರಲಿ. ಔಷಧಿ ಮನೆಗೆ ಬಂದ ದಿನವೇ ಲೇಬಲ್ಲಿನ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. ಲೇಬಲ್ ಇಲ್ಲದ್ದನ್ನು ಮನೆಗೇ ತರಬೇಡಿ.

ಮೊಟ್ಟೆ ಮತ್ತು ಸಾರು

ಔಷಧಿ ಹಾಕಿದ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು, ಎಷ್ಟು ದಿನ ಕೊಯ್ಯಬಾರದು ಅನ್ನುವುದು ಔಷಧಿಗೆ ತಕ್ಕ ಹಾಗೆ ಬೇರೆ ಬೇರೆ. ವೈದ್ಯರಿಂದ ಆ ದಿನಗಳ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಷ್ಟು ದಿನದ ಮೊಟ್ಟೆ ಹೂಳಿ, ನಾಯಿಗೂ ಹಾಕಬೇಡಿ, ಪಕ್ಕದ ಮನೆಗೂ ಕೊಡಬೇಡಿ. ಸಿಂಪಡಿಸುವ ಮೊದಲು ಗೂಡಿನಲ್ಲಿರುವ ಮೊಟ್ಟೆ, ನೀರಿನ ಬಟ್ಟಲು, ಕಾಳಿನ ಡಬ್ಬ ಎಲ್ಲ ಹೊರಗೆ ತೆಗೆದಿರಬೇಕು. ಬಸುರಿ ಮೊಟ್ಟೆ ತಿನ್ನುವುದು ಯಾವಾಗಲೂ ಪೂರ್ತಿ ಬೆಂದದ್ದೇ ಆಗಲಿ, ಹಳದಿ ಗಟ್ಟಿಯಾಗುವವರೆಗೆ. ಬಸುರಿಗೆ ಒಳ್ಳೆಯದು ಅಂತ ಯಾರಾದರೂ ಹಸಿ ನಾಟಿ ಮೊಟ್ಟೆ ಒಡೆದು ಕೊಟ್ಟರೆ, ಹಿರಿಯರ ಮನಸ್ಸು ನೋಯದ ಹಾಗೆ ಬೇಯಿಸಿ ತಿನ್ನಿ.

ನಮ್ಮಲ್ಲಿ ಬಾಣಂತಿಗೆ ಅಂತಲೇ ಎರಡು ಮೂರು ನಾಟಿ ಕೋಳಿ ಸಾಕಿಟ್ಟಿರುತ್ತಾರೆ. ಅಂಥ ಕೋಳಿಗೆ ಔಷಧಿ ಹಾಕಿದ್ದು ಎಂಟೊಂಬತ್ತನೇ ತಿಂಗಳಲ್ಲಾದರೆ, ಹೆರಿಗೆಯ ಗಡಿಬಿಡಿಯಲ್ಲಿ ಯಾವುದಕ್ಕೆ ಹಾಕಿದ್ದು ಅನ್ನುವುದೇ ಮರೆತುಹೋಗುತ್ತದೆ. ನೀವು ತವರಲ್ಲಿರುತ್ತೀರಿ, ಇಲ್ಲಿ ಇನ್ಯಾರೋ ಹಿಡಿದು ಕೊಯ್ದು ಸಾರು ಮಾಡಿ ಕಳಿಸುತ್ತಾರೆ. ಅದಕ್ಕೆ ನಾವು ಔಷಧಿ ಹಾಕಿದ ಕೋಳಿಯ ಕಾಲಿಗೆ ಸಡಿಲವಾಗಿ ಕೆಂಪು ದಾರ ಕಟ್ಟುತ್ತಿದ್ದೆವು. ವೈದ್ಯರು ಹೇಳಿದ ದಿನ ಮುಗಿದ ಮೇಲೆ ಅತ್ತೆ ಕ್ಯಾಲೆಂಡರ್ ನೋಡಿ ಕತ್ತರಿಸಿ ತೆಗೆಯುತ್ತಿದ್ದರು. ದಾರ ಇರುವ ಕೋಳಿಯನ್ನು ಮನೆಯಲ್ಲಿ ಯಾರೂ ಹಿಡಿಯುತ್ತಿರಲಿಲ್ಲ.